ಬೆಳಕಿಗೆ ಹೆಪ್ಪುಗಟ್ಟಿದ ಗುರುತು

ಮರದ ಹೊಟ್ಟಿನ ರಾಶಿಯಲ್ಲಿ ಕೈಯಾಡಿಸುತ್ತಿದ್ದ ಕಾನ್‌ಸ್ಟೇಬಲ್ ಚಂದ್ರಾಮ ತಟ್ಟನೆ ನಿಂತ.

“ಸಾಹೇಬ್ರ, ಇಲ್ಲಿ ಏನೋ ಐತ್ರಿ.”

ಇನ್‌ಸ್ಪೆಕ್ಟರ್ ನೀಲಕಂಠಪ್ಪ ಬಗ್ಗಿ ನೋಡಿದರು. ಕೆಲಸದ ಮೇಜಿನ ಕೆಳಗೆ, ಹೊಟ್ಟಿನೊಳಗೆ ಹುದುಗಿದ್ದವು ಚೂರುಗಳು. ಜೇನಿನ ಬಣ್ಣ. ಬೆಳಕಿಗೆ ಹಿಡಿದರೆ ಆಚೆಯದು ಮಸುಕಾಗಿ ಕಾಣುವಷ್ಟು ತಿಳಿ. ಒಂದು ಚಪ್ಪಟೆ ತಳದ ತುಂಡುಗಳು, ಅದರಿಂದ ಮೇಲೆದ್ದಿದ್ದ ನಾಲ್ಕು ಬಾಗು ಕೊಳವೆಗಳ ತುಂಡುಗಳು.

ಹಿಂದೆ ನಿಂತಿದ್ದ ಹುಡುಗಿ ಚೂರುಗಳನ್ನೇ ನೋಡಿದಳು. ಅವಳ ಪಕ್ಕದಲ್ಲಿದ್ದ ಮುದುಕ ಕಣ್ಣು ಮುಚ್ಚಿಕೊಂಡ.

“ಇದೇ ಏನ್ರಿ?” ನೀಲಕಂಠಪ್ಪ ಕೇಳಿದರು.

“ಇದೇ,” ಎಂದರು ಮ್ಯಾನೇಜರ್ ಜಯಸಿಂಹ. “ಇದು ಶಾಮಣ್ಣನವರ ಟೇಬಲ್ಲು.”

ಎರಕದ ಅಚ್ಚಿಗೆ ಮರದ ಮಾದರಿ ಕೆತ್ತುವ ಆ ಪ್ಯಾಟರ್ನ್ ಶಾಪಿನ ಬಡಗಿಗಳೆಲ್ಲ ಉಳಿ, ಅರ ಕೆಳಗಿಟ್ಟು ಮುದುಕನ ಕಡೆ ತಿರುಗಿದರು.

*

ಬೆಳಿಗ್ಗೆ ಮುಂಬಯಿಯ ಚೆಂಬೂರು ಠಾಣೆಗೆ ಜಯಸಿಂಹ ತಾವೇ ಬಂದಿದ್ದರು. ಗಣೇಶ ಚತುರ್ಥಿಯ ಮಾರನೆಯ ದಿನ. ಸಾಲು ರಜೆ ಮುಗಿಸಿ ಮಂದಾರ್ ಆಟೋ ಕಾರ್ಖಾನೆಯ ಬಾಗಿಲು ತೆರೆದಾಗ ಹೊಸ ಎಂಜಿನ್ನಿನ ಮಾದರಿ ಭಾಗ ಮಾಯವಾಗಿತ್ತು. ಇಡೀ ಕಾರ್ಖಾನೆ ಅದರ ಮೇಲೆ ಕಣ್ಣಿಟ್ಟಿತ್ತು. ಆ ವಾರವೇ ಜಪಾನಿನವರು ಬಂದು ನೋಡುವವರಿದ್ದರು. ಅವರು ಒಪ್ಪಿದರೆ ಹೊಸ ಕಾರು. ಇಲ್ಲದಿದ್ದರೆ ಇಲ್ಲ.

“ಯಾರ ಮ್ಯಾಲರೆ ಸಂಶಯ?” ಎಂದು ನೀಲಕಂಠಪ್ಪ ಕೇಳಿದ್ದರು.

“ಹೆಸರು ಹೇಳೋಕೆ ನನಗಿಷ್ಟ ಇಲ್ಲ. ಆ ಭಾಗ ಮಾಡೋ ಹೊಸ ಮಷೀನ್ ಬಂದ್ಮೇಲೆ ಕೆಲವರಿಗೆ ಕೆಲಸದ ಭಯ ಇದೆ. ಅಷ್ಟು ಮಾತ್ರ ಹೇಳ್ತೀನಿ.”

ಪೊಲೀಸ್ ಜೀಪು ಗಣಪತಿ ಮಂಟಪಗಳ ಬಂದೋಬಸ್ತಿಗೆ ಹೋಗಿತ್ತು. ಜಯಸಿಂಹರ ಬಿಳಿ ಫಿಯೆಟ್ಟಿನಲ್ಲೇ ಹೊರಟರು. ಸ್ಟೀರಿಂಗಿನ ಮೇಲೆ ಕುಂಕುಮದ ಬೊಟ್ಟಿತ್ತು. ಅದರ ಮೇಲೊಂದು ಹೊಳೆಯುವ ಹೆಕ್ಕಳ, ಗಾಜಿನಂಥದು, ಒಣಗಿದ ಗೋಂದಿನಂಥದು.

“ಹಬ್ಬ ಜೋರ ಆದಂಗೈತಿ,” ಎಂದರು ನೀಲಕಂಠಪ್ಪ.

“ಪ್ಯಾಟರ್ನ್ ಶಾಪಲ್ಲಿ ಪೂಜೆ ಇತ್ತು ನಿನ್ನೆ. ಶಾಮಣ್ಣ ಎಲ್ಲರ ಗಾಡಿಗೂ ಕುಂಕುಮ ಇಟ್ರು. ಗಾಡಿ ಪೂಜೆ ಆಯ್ತು, ನಾನು ಅಲ್ಲಿಂದ ಸೀದಾ ಗೋರೆಗಾಂವ್‌ಗೆ, ಮನೆಗೆ.”

ಮಾತಾಡುತ್ತ ಜಯಸಿಂಹ ಬಲಗೈ ಬೆರಳುಗಳನ್ನು ಪ್ಯಾಂಟಿಗೆ ಉಜ್ಜಿಕೊಂಡರು. ಚರ್ಮ ಕೆಂಪಗೆ ದದ್ದೆದ್ದಿತ್ತು.

“ಏನಾತ್ರಿ ಕೈಗೆ?”

“ಗುಲಾಲ್. ನನಗಾಗಲ್ಲ ಅದು.”

*

ಕಳುವಾಗಿದ್ದ ಕೋಣೆಯನ್ನು ನೀಲಕಂಠಪ್ಪ ಆಮೇಲೆ ನೋಡಿದರು. ಪ್ಯಾಟರ್ನ್ ಶಾಪಿಗೆ ಅಂಟಿಕೊಂಡ ಗಾಜಿನ ಕೋಣೆ. ಗಾಜಿಗೆಲ್ಲ ಹಳದಿ ಕಾಗದ, ಒಳಗೆ ಹಳದಿ ದೀಪ. ನಡುವೆ ಬೀರುವಿನಂಥ ಒಂದು ಯಂತ್ರ. ಅದನ್ನು ನೋಡಿಕೊಳ್ಳುವ ಇಂಜಿನಿಯರು ಆ ಹುಡುಗಿ. ಪಂಕಜಾ ಎಂದು ಹೆಸರು, ಬೆಂಗಳೂರಿನವಳು. ಕಂಪನಿಯೇ ಅಮೆರಿಕಕ್ಕೆ ಕಳಿಸಿ ಕಲಿಸಿತ್ತು.

“ಇದು ಏನ್ ಮಾಡತೈತವ್ವಾ? ನನಗ ತಿಳಿಯೂವಂಗ ಹೇಳು.”

“ಈ ತೊಟ್ಟಿಯಲ್ಲಿ ರೆಸಿನ್ ಇದೆ ಸರ್, ಅಂಟು ಥರದ ಲಿಕ್ವಿಡ್. ಮೇಲಿಂದ ಲೇಸರ್ ಬೆಳಕು ಬಂದು ಅದರ ಮೇಲೆ ಗೆರೆ ಎಳೆಯುತ್ತೆ. ಬೆಳಕು ಬಿದ್ದ ಕಡೆ ಮಾತ್ರ ಗಟ್ಟಿಯಾಗುತ್ತೆ, ಅದಕ್ಕೇ ಹೊರಗಿನ ಬಿಸಿಲು ತಡೆಯೋಕೆ ಈ ಹಳದಿ ಕಾಗದ. ಒಂದು ಪದರ ಆದ್ಮೇಲೆ ಅದರ ಮೇಲೆ ಇನ್ನೊಂದು. ಹಾಗೆ ಕಾಗದದ ಮೇಲೆ ಕಾಗದ ಇಟ್ಟ ಹಾಗೆ ಬೆಳೀತಾ ಹೋಗುತ್ತೆ. ಕಂಪ್ಯೂಟರಲ್ಲಿ ಬರೆದಿದ್ದು ಕೈಗೆ ಸಿಗುತ್ತೆ.”

“ಮೊದಲ ಹೆಂಗ ಮಾಡತಿದ್ರಿ?”

ಪಂಕಜಾ ಗಾಜಿನಾಚೆ ನೋಡಿದಳು. “ಶಾಮಣ್ಣನವರು ಮರದಲ್ಲಿ ಕೆತ್ತೋರು. ಇಂಥದ್ದೊಂದಕ್ಕೆ ತಿಂಗಳುಗಟ್ಟಲೆ. ಅದರಿಂದ ಅಚ್ಚು, ಆಮೇಲೆ ಎರಕ, ಎಂಜಿನ್ನಿಗೆ ಕೂರಿಸಿ ನೋಡೋದು. ಆಗ ಡಿಸೈನಲ್ಲಿ ತಪ್ಪಿದೆ ಅಂತ ಗೊತ್ತಾದ್ರೆ ಮತ್ತೆ ಮೊದಲಿಂದ. ಇದರಲ್ಲಿ ಆ ತಪ್ಪು ಒಂದೇ ವಾರದಲ್ಲಿ ಕಾಣುತ್ತೆ. ಅಷ್ಟೇ ವ್ಯತ್ಯಾಸ ಸರ್. ಆದ್ರೆ ಕಾರು ಮಾಡೋರಿಗೆ ಅದು ತುಂಬಾ ದೊಡ್ಡದು.”

“ಭಾಗ ಕಡೀಕ ಯಾವಾಗ ನೋಡಿದಿ?”

“ಶನಿವಾರ ಸಂಜೆ. ಅಳತೆ ತೆಗೆದು, ಸ್ಟ್ಯಾಂಡ್ ಮೇಲಿಟ್ಟು ಹೋದೆ. ಕೊಳವೆಗಳ ಒಳಗೆ ಸ್ವಲ್ಪ ರೆಸಿನ್ ಉಳಿದಿತ್ತು. ಇವತ್ತು ಬಂದು ತೊಳೆಯೋಣ ಅಂತಿದ್ದೆ. ನಿನ್ನೆ ಪೂಜೆಗೆ ಬಂದೆ, ಪ್ರಸಾದ ತಗೊಂಡು ಹೋದೆ. ಈ ಕಡೆ ಬರಲಿಲ್ಲ.”

“ಕೀಲಿಕೈ?”

“ಒಂದು ಜಯಸಿಂಹ ಸರ್ ಹತ್ರ. ನನ್ನದು ಶಾಮಣ್ಣನವರ ಟೇಬಲ್ ಮೇಲಿನ ಮೊಳೆಗೆ ನೇತಾಕಿರ್ತೀನಿ.”

ಬಾಗಿಲಲ್ಲಿ ಚಂದ್ರಾಮ ಬೆರಳುಗಳನ್ನು ಒಂದಕ್ಕೊಂದು ಅಂಟಿಸಿ ಬಿಡಿಸುತ್ತಿದ್ದ. “ಆ ಕೊಳವ್ಯಾಗ ಏನೋ ಜಿಗಟ ಇತ್ರಿ.”

ಪಂಕಜಾ ಗಾಬರಿಯಾದಳು. “ಗ್ಲೋವ್ಸ್ ಇಲ್ದೆ ಮುಟ್ಟಿದ್ರಾ? ಬಿಸಿಲಿಗೆ ಹೋಗಬೇಡಿ, ಮೊದಲು ಸೋಪು ಹಾಕಿ ತೊಳ್ಕೊಳ್ಳಿ. ಹೊಟ್ಟಿನೊಳಗೆ ಕತ್ತಲಲ್ಲಿತ್ತು, ಅದಕ್ಕೆ ಇನ್ನೂ ಹಸಿ ಇದೆ. ಬಿಸಿಲು ತಾಗಿದ್ರೆ ಗಟ್ಟಿಯಾಗಿಬಿಡುತ್ತೆ.”

ಚಂದ್ರಾಮ ಆಗಲೇ ಬಿಸಿಲಲ್ಲಿ ಅಂಗಳದ ತನಕ ಹೋಗಿ ಬಂದಿದ್ದ. ಎರಡು ಬೆರಳ ಮೇಲೆ ತೆಳ್ಳನೆ ಸಿಪ್ಪೆ ಕಟ್ಟಿತ್ತು. ಅವನು ಅದನ್ನು ಉಗುರಿನಿಂದ ಕೆರೆದು ಪೆಚ್ಚುಪೆಚ್ಚಾಗಿ ನಕ್ಕ.

*

ಗೇಟಿನ ವಾಚ್‌ಮನ್ ಐತ ಕಾರ್ಕಳದ ಕಡೆಯವನು. ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ಮನುಷ್ಯ.

“ನಿನ್ನೆ ಪೂಜೆ ಮುಗಿದ ಮ್ಯಾಲ ಯಾರು ಉಳಿದಿದ್ರು?”

“ಬಡಗಿಗಳು ಎಲ್ಲ ಒಟ್ಟಿಗೆ ಬಸ್ಸಿಗೆ ಹೋದರು. ಪಂಕಜಮ್ಮನೂ ಅವರ ಸಂಗಡವೇ ಹೋದದ್ದು. ಶಾಮಣ್ಣ ಮಾತ್ರ ದೀಪ ನೋಡಿಕೊಂಡು ಕೂತಿದ್ದರು.”

“ಬ್ಯಾರೆ ಯಾರೂ ಇರಲಿಲ್ಲ?”

“ಕೆಲಸದವರು ಯಾರೂ ಇಲ್ಲ.”

ನೀಲಕಂಠಪ್ಪ ಪ್ಯಾಟರ್ನ್ ಶಾಪಿಗೆ ಮರಳಿದರು. ಶಾಮಣ್ಣ ಮೇಜಿನ ಮೇಲೆ ಅಂಗೈ ಊರಿ ಕೂತಿದ್ದರು. ಚಾಮರಾಜನಗರದ ಕಡೆಯವರು. ಪರೇಲಿನ ಗಿರಣಿಯೊಂದರಲ್ಲಿ ಬಡಗಿಯಾಗಿ ಸೇರಿ, ಅದು ಮುಷ್ಕರದಲ್ಲಿ ಮುಚ್ಚಿದ ಮೇಲೆ ಇಲ್ಲಿಗೆ ಬಂದವರು. ಒಂದು ಸಲ ಹೊಟ್ಟೆಪಾಡು ಕಳೆದುಕೊಂಡ ಮನುಷ್ಯ. ಅದು ಮುಖದಲ್ಲೇ ಕಾಣುತ್ತಿತ್ತು.

“ಆ ಮಷೀನ್ ಕಂಡರ ನಿಮಗ ಹೊಟ್ಟಿ ಉರಿ ಏನ್ರಿ?”

“ಸುಳ್ಳ್ಯಾಕೆ ಹೇಳ್ಲಿ ಸ್ವಾಮಿ. ಮೊದಮೊದಲು ಉರೀತು. ಇಲ್ಲಿರೋ ಹುಡುಗರಿಗೆಲ್ಲ ಸಂಸಾರ ಇದೆ. ನಾಳೆ ಇವರ ಕೈಗೆ ಕೆಲಸ ಇರುತ್ತೋ ಇಲ್ವೋ.”

“ಅದಕ್ಕ ಒಡದ್ರಿ?”

ಶಾಮಣ್ಣ ಚೂರುಗಳ ಕಡೆ ನೋಡಿದರು. ಆಮೇಲೆ ದೂರದಲ್ಲಿ ನಿಂತಿದ್ದ ಪಂಕಜಾಳ ಕಡೆ.

“ಹೌದು ಸ್ವಾಮಿ. ನಾನೇ ಒಡೆದೆ.”

“ಶಾಮಣ್ಣಾ,” ಎಂದ ಒಬ್ಬ ಬಡಗಿ. ಮುದುಕ ಅವನ ಕಡೆ ತಿರುಗಲಿಲ್ಲ.

ನೀಲಕಂಠಪ್ಪ ಜಯಸಿಂಹರ ಮುಖ ನೋಡಿದರು. ಅಪರಾಧಿ ಸಿಕ್ಕಿದ ಸಮಾಧಾನ ಅಲ್ಲಿರಲಿಲ್ಲ. ಬಾಯಿ ತೆರೆಯಹೋಗಿ ಮುಚ್ಚಿಕೊಂಡಂತಿತ್ತು.

*

ಶಾಮಣ್ಣನನ್ನು ಠಾಣೆಗೆ ಕರೆತಂದರು. ನೀಲಕಂಠಪ್ಪ ಪಕ್ಕದ ಉಡುಪಿ ಹೋಟೆಲಿನಿಂದ ಇಡ್ಲಿ ತರಿಸಿ ಮುಂದಿಟ್ಟರು. ಮುದುಕ ಮುಟ್ಟಲಿಲ್ಲ.

“ಒಡಿಯೂ ಮುಂದ ಅದು ಹೆಂಗಿತ್ರಿ? ಛಲೋ ಇತ್ತೋ, ಏನರೆ ಕುಂದಿತ್ತೋ?”

“ಏನೂ ಕುಂದಿಲ್ಲ,” ಎಂದರು ಶಾಮಣ್ಣ, ಸ್ವಲ್ಪ ಬೇಗನೆ. “ನೆಟ್ಟಗಿತ್ತು. ಆ ಮಗು ತುಂಬ ಅಚ್ಚುಕಟ್ಟಾಗಿ ಮಾಡಿತ್ತು.”

ಸಂಜೆಗೆ ಪಂಕಜಾ ಒಬ್ಬಳೇ ಠಾಣೆಗೆ ಬಂದಳು. ಚೆಂಬೂರು ಸ್ಟೇಷನ್ನಿನಿಂದ ನಡೆದೇ ಬಂದಿದ್ದಳು, ಸೀರೆಯ ಅಂಚು ಕೆಸರಾಗಿತ್ತು.

“ಸರ್, ಶಾಮಣ್ಣನವರನ್ನ ಬಿಟ್ಬಿಡಿ. ಅದು ನನ್ನ ಕೈಯಿಂದ ಬಿದ್ದು ಒಡೆದಿದ್ದು. ಹೆದರಿ ಅವರ ಟೇಬಲ್ ಕೆಳಗೆ ಇಟ್ಟೆ.”

“ಯಾವಾಗ?”

“ಶನಿವಾರ.”

“ಶನಿವಾರ ಅಳತಿ ತಗೊಂಡು ಸ್ಟ್ಯಾಂಡ್ ಮ್ಯಾಲ ಇಟ್ಟೆ ಅಂದಿ.”

ಅವಳ ಕಣ್ಣು ತುಂಬಿತು.

“ನಾನು ಮುಂಬಯಿಗೆ ಬಂದ ಹೊಸದರಲ್ಲಿ ಆ ಶಾಪಿನಲ್ಲಿ ಯಾರೂ ನನ್ನ ಹತ್ರ ಮಾತಾಡ್ತಿರಲಿಲ್ಲ ಸರ್. ನನ್ನ ಮೊದಲನೇ ಪಾರ್ಟ್ ಮುರಿದು ಬಂದಾಗ ಶಾಮಣ್ಣನವರೇ ಕೂತು ಅಂಟಿಸಿಕೊಟ್ರು. ಆವತ್ತಿಂದ ಏನು ಮುರಿದ್ರೂ ಅವರ ಟೇಬಲ್‌ಗೇ ತಗೊಂಡು ಹೋಗ್ತೀನಿ. ಅವರೇ ಒಡೆದಿದ್ರೂ ನನಗೆ ಕೋಪ ಇಲ್ಲ. ಅವರನ್ನ ಜೈಲಿಗೆ ಹಾಕಬೇಡಿ.”

ಅವಳನ್ನು ರಿಕ್ಷಾ ಹತ್ತಿಸಿ ನೀಲಕಂಠಪ್ಪ ಒಳಗೆ ಬಂದರು. ಒಂದು ವಸ್ತು ಒಡೆದರೆ ಸಾಮಾನ್ಯವಾಗಿ ಎಲ್ಲರೂ ನಾನಲ್ಲ ಎನ್ನುತ್ತಾರೆ. ಇಲ್ಲಿ ನಾನೇ ಎನ್ನಲು ಇಬ್ಬರು. ಶಾಮಣ್ಣ ಯಾಕೆ ಹೀಗೆ ಮಾಡಿದರೆಂದು ಈಗ ಹೊಳೆಯಿತು. ಮುರಿದದ್ದೆಲ್ಲ ತಂದಿಡುವ ಜಾಗದಲ್ಲೇ ಚೂರು ಸಿಕ್ಕಿವೆ. ಹುಡುಗಿಯೇ ಒಡೆದು, ರಿಪೇರಿಗೆ ಎಂದು ತಂದಿಟ್ಟಳು ಅಂದುಕೊಂಡಿದ್ದಾರೆ. ಹುಡುಗಿ ಮುದುಕನನ್ನು ಕಾಯುತ್ತಿದ್ದಾಳೆ, ಮುದುಕ ಹುಡುಗಿಯನ್ನು.

ಹಾಗಾದರೆ ಒಡೆದವರು ಯಾರು?

*

ಮರುದಿನ ಬೆಳಿಗ್ಗೆ ಚಂದ್ರಾಮ ಸಲಾಮು ಹೊಡೆದ ಕೈಯನ್ನು ಇಳಿಸಿದವನೇ ಬೆರಳು ತುರಿಸತೊಡಗಿದ.

“ಏನಲೇ ಅದು?”

“ನಿನ್ನೆ ಆ ಜಿಗಟ ಮುಟ್ಟಿದ್ನೆಲ್ರಿ. ರಾತ್ರಿಯಿಂದ ಒಂದ ಸವನೆ ತುರಸ್ತೈತಿ. ನೋಡ್ರಿ, ಹೆಂಗ ಕೆಂಪಗ ಆಗೈತಿ.”

ನೀಲಕಂಠಪ್ಪ ಅವನ ಕೈ ಹಿಡಿದು ಕಿಟಕಿಯ ಬಳಿ ಎಳೆದರು. ಇದೇ ದದ್ದನ್ನು ಅವರು ಇನ್ನೊಂದು ಕೈಯಲ್ಲಿ ನೋಡಿದ್ದರು.

“ಶಾಮಣ್ಣನ್ನ ಕರಿ. ಕೈ ನೋಡಬೇಕು.”

ಶಾಮಣ್ಣನ ಬೆರಳು ಗಂಟುಗಂಟಾಗಿದ್ದವು, ಒರಟಾಗಿದ್ದವು. ಒಂದು ದದ್ದೂ ಇರಲಿಲ್ಲ.

“ನಡೀರಿ ಹಿರಿಯಾರ. ಕಾರ್ಖಾನಿಗೆ ಹೋಗೂಣು.”

ಗೇಟಿನಲ್ಲಿ ನೀಲಕಂಠಪ್ಪ ಐತನನ್ನು ಮತ್ತೆ ತಡೆದರು. “ಮೊನ್ನೆ ಕೆಲಸದವರು ಯಾರೂ ಇರಲಿಲ್ಲ ಅಂದಿ. ಸಾಹೇಬ್ರ ಗಾಡಿ ಯಾವಾಗ ಹೋತು?”

“ಸಾಹೇಬರದ್ದಾ? ಅದು ಬಡಗಿಗಳೆಲ್ಲ ಬಸ್ಸಿಗೆ ಹೋದ ನಂತರವೇ. ನೀವು ಸಾಹೇಬರ ಬಗ್ಗೆ ಕೇಳಲಿಲ್ಲ ಅಲ್ಲವಾ?”

“ಇಲ್ಲಪಾ, ನಂದ ತಪ್ಪು. ಇನ್ನೊಂದು ಹೇಳು. ರಜಾದಾಗ ಆ ಗಾಜಿನ ಖೋಲಿ ಏಸಿ ಚಾಲೂ ಇರತಿತ್ತೇನು?”

“ರಜೆ ಇದ್ದರೆ ಮೇನ್ ಸ್ವಿಚ್ಚೇ ಬಂದ್ ಮಾಡುವುದು. ಕರೆಂಟು ದಂಡ ಅಂತ ಸಾಹೇಬರೇ ಹೇಳಿದ್ದು. ಶನಿವಾರ ನಾನೇ ಬಂದ್ ಮಾಡಿದ್ದು.”

*

ಅಳತೆ ನೋಡುವ ಕೋಣೆಯಲ್ಲಿ ನುಣ್ಣಗೆ ಸಮ ಮಾಡಿದ ಕಬ್ಬಿಣದ ಮೇಜೊಂದಿತ್ತು. ನೀಲಕಂಠಪ್ಪ ಚೂರುಗಳನ್ನು ಅಲ್ಲಿ ಹರಡಿಸಿದರು. ಜಯಸಿಂಹ ಬಾಗಿಲ ಬಳಿ ನಿಂತರು. ಶಾಮಣ್ಣನನ್ನು ಕಂಡು ಪಂಕಜಾ ಎರಡು ಹೆಜ್ಜೆ ಮುಂದೆ ಬಂದು ನಿಂತಳು.

“ಪಂಕಜಾ, ಗ್ಲೋವ್ಸ್ ಹಾಕ್ಕೊಂಡು ತಳದ ತುಂಡು ಜೋಡಿಸವ್ವಾ.”

ಅವಳು ಒಂದೊಂದೇ ತುಂಡನ್ನು ಒಂದಕ್ಕೊಂದು ಒತ್ತಿ ಟೇಪು ಹಚ್ಚಿದಳು. ಅಂಚುಗಳು ಕೂದಲೆಳೆಯ ಸಂದೂ ಇಲ್ಲದೆ ಕೂತವು. ಮೇಜಿನ ಮೇಲಿಟ್ಟಾಗ ಇಡೀ ತಳ ತೊಟ್ಟಿಲಿನಂತೆ ಅಲುಗಾಡಿತು.

ಪಂಕಜಾ ಮತ್ತೆ ಒತ್ತಿದಳು. ಮತ್ತೆ ಅಲುಗಾಡಿತು. ಅವಳ ಬಣ್ಣ ಇಳಿಯಿತು.

“ಇದು ಬಾಗಿದೆ. ಶನಿವಾರ ನೆಟ್ಟಗಿತ್ತು ಸರ್, ನಾನೇ ಅಳತೆ ತೆಗೆದಿದ್ದೆ.”

“ಒಡದ ಮ್ಯಾಲ ಬಾಗಿರಬಹುದೇನು?”

“ಇಲ್ಲ. ಒಡೆದ ಮೇಲೆ ಬಾಗಿದ್ರೆ ಒಂದೊಂದು ತುಂಡೂ ಒಂದೊಂದು ಥರ ಬಾಗ್ತಿತ್ತು, ಅಂಚು ಹೀಗೆ ಸೇರ್ತಿರಲಿಲ್ಲ. ಮೊದಲು ಬಾಗಿದೆ, ಆಮೇಲೆ ಒಡೆದಿದೆ. ಈ ಪ್ಲಾಸ್ಟಿಕ್ಕಿಗೆ ತೇವ ಆಗಿಬರಲ್ಲ ಸರ್. ಮಳೆಗಾಲದ ಮುಂಬಯಿ ಗಾಳಿಯಲ್ಲಿ ಏಸಿ ಇಲ್ದೆ ಬಿಟ್ರೆ...” ಅವಳು ಮಾತು ನಿಲ್ಲಿಸಿ ಜಯಸಿಂಹರ ಕಡೆ ನೋಡಿದಳು.

“ಶಾಮಣ್ಣಾರ, ನಿಮಗ ಇದೇನೂ ಹೊಸಾದು ಅನಿಸಲಿಲ್ಲ. ನಿನ್ನೆ ನನ್ನ ಮುಂದ ನೆಟ್ಟಗಿತ್ತು ಅಂದ್ರಿ. ಖರೇ ಹೇಳ್ರಿ.”

ಶಾಮಣ್ಣ ತಲೆ ತಗ್ಗಿಸಿದರು. “ಹಬ್ಬದ ಬೆಳಿಗ್ಗೆ ಗಾಜಿನ ಕಾಗದ ಸ್ವಲ್ಪ ಬಿಟ್ಟುಕೊಂಡಿತ್ತು. ಅದರಲ್ಲಿ ಕಂಡೆ. ಬಾಡಿದ ಎಲೆ ಥರ ಬಾಗಿತ್ತು. ಪಾಪ, ಈ ಮಗು ನೋಡಿದ್ರೆ ಎಷ್ಟು ನೊಂದ್ಕೊಳ್ಳುತ್ತೋ ಅಂದ್ಕೊಂಡೆ. ಪೂಜೆ ದಿವಸ ಯಾಕೆ ಹೇಳೋದು ಅಂತ ಸುಮ್ಮನಾದೆ. ದೀಪ ಶಾಂತವಾಗೋ ತನಕ ಗಣಪತಿ ಮುಂದೆ ಕೂತಿದ್ದು ನಾನೂ ಹೊರಟೆ. ಮಾರನೇ ದಿನ ನನ್ನ ಟೇಬಲ್ ಕೆಳಗೆ ಚೂರು ಸಿಕ್ತು.”

“ಕೇಳ್ರಿ ಎಲ್ಲಾರೂ,” ಎಂದರು ನೀಲಕಂಠಪ್ಪ. ದನಿ ಏರಿಸಲಿಲ್ಲ. “ಮಷೀನ್ ಬ್ಯಾಡ ಅನ್ನೋ ಮನುಷ್ಯಾ ಇದನ್ನ ಒಡಿಯೂದಿಲ್ಲ. ಯಾಕ ಒಡೀತಾನ? ಬಾಗಿದ್ದನ್ನ ಹಂಗ ಬಿಟ್ರ ಸಾಕು. ಜಪಾನಿನವರ ಮುಂದ ಮಷೀನಿನ ಮಾನ ತಾನಾಗೇ ಹೋಗತೈತಿ. ಒಡದ್ರ ಬಾಗಿದ್ದು ಮುಚ್ಚಿಹೋಗತೈತಿ. ಅಂದರ ಒಡದಾಂವಗ ಮಷೀನಿನ ಮಾನ ಉಳೀಬೇಕಾಗಿತ್ತು. ಅಂಥಾವರು ಇಬ್ಬರ. ಪಂಕಜಾ ಒಬ್ಬಾಕಿ. ಆದರ ಆಕಿಗೆ ಇದು ಬಾಗಿದ್ದ ಗೊತ್ತಿರಲಿಲ್ಲ. ಈಗ ಆಕಿ ಮಾರಿ ನೀವೂ ನೋಡಿದ್ರಿ. ಮ್ಯಾಲ, ಪೂಜಿ ಆದಕೂಡ್ಲೆ ಬಸ್ಸಿಗೆ ಹೋಗ್ಯಾಳ.”

“ಇನ್ನೊಬ್ಬರು ಯಾರು?” ಪಂಕಜಾಳ ದನಿ ಕೇಳಿಸದಷ್ಟು ಸಣ್ಣದಾಗಿತ್ತು.

“ಜಯಸಿಂಹ ಸಾಹೇಬ್ರ, ನಿಮ್ಮ ಗಾಡಿ ತನಕ ಬರ್ರಿ.”

ಫಿಯೆಟ್ಟಿನ ಬಾಗಿಲು ತೆರೆದು ನೀಲಕಂಠಪ್ಪ ಸ್ಟೀರಿಂಗ್ ತೋರಿಸಿದರು. “ಪಂಕಜಾ, ಇದೇನು?”

ಅವಳು ಬಗ್ಗಿ, ಉಗುರಿನ ತುದಿಯಿಂದ ಮುಟ್ಟಿ ನೋಡಿದಳು. “ರೆಸಿನ್. ಬಿಸಿಲಿಗೆ ಗಟ್ಟಿಯಾಗಿದೆ. ಬೆರಳಿನ ಗೆರೆ ಕೂಡ ಕೂತಿದೆ.”

“ಒಳಗೇನೈತಿ?”

“ಕುಂಕುಮ.”

“ಕುಂಕುಮ ಕೆಳಗ, ರೆಸಿನ್ ಮ್ಯಾಲ. ಕುಂಕುಮ ಇಟ್ಟಾವ್ರು ಶಾಮಣ್ಣ, ಪೂಜಿ ಆದ ಮ್ಯಾಲ. ಅದಾದ ಮ್ಯಾಲ ಸಾಹೇಬ್ರ ಕೈಗೆ ರೆಸಿನ್ ಹತ್ತೈತಿ. ಸೀದಾ ಮನಿಗೆ ಹೋದೆ ಅಂತ ನನಗ ಹೇಳ್ಯಾರ, ಹೋಗಿಲ್ಲ. ಮೊನ್ನೆ ಮಧ್ಯಾಹ್ನ ಮಳಿ ಬಿಟ್ಟಿತ್ತು. ಇಲ್ಲಿಂದ ಗೋರೆಗಾಂವ್ ತನಕ ಬಿಸಿಲಾಗ ಗಾಡಿ ಹೊಡದಾರ. ಆ ಮಷೀನ್ ಬೆಳಕಿನಿಂದ ಏನ್ ಮಾಡತೈತೋ, ಸೂರ್ಯ ಅದನ್ನ ಇಲ್ಲಿ ಮಾಡ್ಯಾನ. ಇನ್ನ ಕೈಮ್ಯಾಲಿನ ದದ್ದು. ಅದು ಗುಲಾಲಿಂದಲ್ಲ. ನಮ್ಮ ಚಂದ್ರಾಮನ ಬೆರಳು ನೋಡ್ರಿ.”

ಜಯಸಿಂಹ ಕಾರಿನ ಬಾಗಿಲು ಹಿಡಿದುಕೊಂಡರು. ಅಲ್ಲಗಳೆಯುವ ಪ್ರಯತ್ನವನ್ನೇ ಮಾಡಲಿಲ್ಲ.

“ಬೋರ್ಡಿನಲ್ಲಿ ಎಲ್ಲರೂ ಬೇಡ ಅಂದ್ರು,” ಎಂದರು ಕೊನೆಗೆ. “ನಾನೊಬ್ಬನೇ ಹಟ ಹಿಡಿದು ತರಿಸಿದ ಮಷೀನು. ನಮ್ಮ ಕಾರುಗಳು ಹೊರಗಿನವರ ಮುಂದೆ ಉಳೀಬೇಕಾದ್ರೆ ಇದು ಬೇಕು ಅಂತ ನಾನು ನಿಜವಾಗಲೂ ನಂಬಿದ್ದೆ. ಈಗಲೂ ನಂಬ್ತೀನಿ. ಎಲ್ಲರೂ ಹೋದ ಮೇಲೆ ಒಂದು ಸಲ ನೋಡಿ ಹೋಗೋಣ ಅಂತ ಬಾಗಿಲು ತೆಗೆದೆ. ಬಾಗಿತ್ತು. ಏಸಿ ಬಂದ್ ಮಾಡಿಸಿದ್ದು ನಾನೇ. ಮಷೀನು ಸೋತಿತು ಅಂದ್ರೆ ಅದನ್ನ ಯಾರೂ ಮತ್ತೆ ಮುಟ್ಟಲ್ಲ. ಯಾರೋ ಒಡೆದ್ರು ಅಂದ್ರೆ ಅದರ ಹೆಸರು ಉಳಿಯುತ್ತೆ. ಆ ಗಳಿಗೆಯಲ್ಲಿ ಅಷ್ಟೇ ತೋಚಿದ್ದು.”

“ನನ್ನ ಟೇಬಲ್ಲೇ ಯಾಕೆ ಸ್ವಾಮಿ?” ಶಾಮಣ್ಣ ಕೇಳಿದರು. ಆ ಪ್ರಶ್ನೆಯಲ್ಲಿ ಸಿಟ್ಟಿರಲಿಲ್ಲ. ಜಯಸಿಂಹರಿಗೆ ಅದನ್ನು ಎದುರಿಸುವುದು ಇನ್ನೂ ಕಷ್ಟವಾಗಿತ್ತು.

“ಗಾಜಿನ ಕೋಣೆ ಬಾಗಿಲು ಹಾಕ್ಕೊಂಡು ಒಡೆದೆ, ಚೂರು ಕಸದ ಡಬ್ಬಕ್ಕೆ ಹಾಕೋಣ ಅಂತ ಹೊರಟೆ. ಆಚೆ ಗಣಪತಿ ಕಡೆಯಿಂದ ನಿಮ್ಮ ಕೆಮ್ಮು ಕೇಳಿಸ್ತು, ನೀವಿನ್ನೂ ಇದ್ದೀರಿ ಅಂತ ಆಗಲೇ ಗೊತ್ತಾಗಿದ್ದು. ಹತ್ತಿರ ಇದ್ದ ಹೊಟ್ಟಿನಲ್ಲಿ ತುರುಕಿ ಹೋದೆ. ಯಾರ ಟೇಬಲ್ ಅಂತ ನೋಡಲಿಲ್ಲ. ಚೂರು ಸಿಕ್ಕಿದಾಗಲೇ ನೋಡಿದ್ದು. ಆಗ ಬಾಯಿ ಬಿಡಬೇಕಾಗಿತ್ತು. ನೀವು ನಾನೇ ಅಂದಾಗಲಾದ್ರೂ ಬಿಡಬೇಕಾಗಿತ್ತು. ಬಿಡಲಿಲ್ಲ.”

“ಒಡದದ್ದಕ್ಕ ಏನ್ ಮಾಡಬೇಕೋ ನಿಮ್ಮ ಕಂಪನಿ ನೋಡಿಕೋತೈತಿ,” ಎಂದರು ನೀಲಕಂಠಪ್ಪ. “ಸುಳ್ಳ ದೂರು ಕೊಟ್ಟದ್ದಕ್ಕ ನೀವು ಠಾಣೆಗೆ ಬರಬೇಕಾಗತೈತಿ. ಅದಕ್ಕ ಮೊದಲ ಒಂದು ಕೆಲಸ ಐತಿ. ಶಾಪಿನ್ಯಾಗ ಎಲ್ಲಾರ ಮುಂದ ಈ ಹಿರಿಯಾರನ್ನ ಕರಕೊಂಡು ಹೋಗೀನಿ. ಅಷ್ಟೂ ಮಂದಿ ಮುಂದ ನೀವ ಹೇಳ್ರಿ.”

ಜಯಸಿಂಹ ಹೇಳಿದರು. ಪ್ಯಾಟರ್ನ್ ಶಾಪಿನ ನಡುವೆ, ಗಣಪತಿಯ ಮುಂದೆ, ಕೈಕಟ್ಟಿ ನಿಂತು, ಒಂದು ಮಾತನ್ನೂ ಬಿಡದೆ ಹೇಳಿದರು. ಬಡಗಿಗಳು ಬಯ್ಯಲಿಲ್ಲ. ಒಬ್ಬ ಸ್ಟೂಲು ತಂದು ಶಾಮಣ್ಣನನ್ನು ಕೂರಿಸಿದ, ಇನ್ನೊಬ್ಬ ನೀರು ತಂದ. ಜಯಸಿಂಹ ಅಲ್ಲಿಂದಲೇ ಆಫೀಸಿಗೆ ಹೋಗಿ, ಭಾಗ ಬಾಗಿದ್ದ ಕಾರಣವನ್ನೂ ಒಡೆದವರ ಹೆಸರನ್ನೂ ಜಪಾನಿನವರಿಗೆ ಫೋನಿನಲ್ಲೇ ತಿಳಿಸಿದರು. ಬರುವುದನ್ನು ಕೆಲವು ದಿನ ಮುಂದಕ್ಕೆ ಹಾಕುತ್ತೇವೆ, ಆದರೆ ಬರುತ್ತೇವೆ ಎಂದು ಅವರು ಹೇಳಿದರಂತೆ.

*

ಮಧ್ಯಾಹ್ನದ ಹೊತ್ತಿಗೆ ಪಂಕಜಾ ಯಂತ್ರ ಚಾಲೂ ಮಾಡಿದ್ದಳು. ಶಾಮಣ್ಣನ ಹೇಳಿಕೆಗೆ ಸಹಿ ಮಾಡಿಸಿಕೊಳ್ಳಲು ಬಂದ ನೀಲಕಂಠಪ್ಪ ಅವರಿಬ್ಬರನ್ನೂ ಗಾಜಿನ ಕೋಣೆಯ ಬಾಗಿಲಲ್ಲಿ ಕಂಡು ಅಲ್ಲೇ ನಿಂತರು.

“ನಾನು ಒಡೆದು ನಿಮ್ಮ ಟೇಬಲ್ ಕೆಳಗೆ ಬಚ್ಚಿಡ್ತೀನಿ ಅಂದ್ಕೊಂಡ್ರಾ ಶಾಮಣ್ಣ?”

“ಹೆದರಿದ್ದೀಯ ಅಂದ್ಕೊಂಡೆ ಕಣಮ್ಮ. ಪರ ಊರು, ಒಬ್ಬಳೇ ಹೆಣ್ಣುಮಗಳು. ನಾನೋ ಇನ್ನೇನು ರಿಟೈರ್ ಆಗೋನು. ಹೋದ್ರೆ ಹೋಗ್ಲಿ ಅಂತ.” ಆಮೇಲೆ ಅವರೇ ಕೇಳಿದರು: “ನೀನು? ನಾನು ಒಡೀತೀನಿ ಅಂದ್ಕೊಂಡ್ಯಲ್ಲ.”

ಪಂಕಜಾ ಕೈಯ ಗ್ಲೋವ್ಸ್ ಕಳಚತೊಡಗಿದಳು.

“ಮಾಡೋದು ಎಷ್ಟು ಕಷ್ಟ ಅಂತ ಗೊತ್ತಿರೋನು ನಾನು. ಯಾರು ಮಾಡಿದ್ರೂ ಸರಿ, ಹೆಂಗೆ ಮಾಡಿದ್ರೂ ಸರಿ. ಒಡೆಯೋಕೆ ನನ್ನ ಕೈ ಬರಲ್ಲ.”

“ತಪ್ಪಾಯ್ತು.”

“ನಂದೂ ಆಯ್ತಲ್ಲ. ಬಿಡು.”

ತೊಟ್ಟಿಯ ಮೇಲೆ ಸಣ್ಣದೊಂದು ಬೆಳಕಿನ ಚುಕ್ಕಿ ಓಡಾಡುತ್ತಿತ್ತು. ಓಡಿದಲ್ಲೆಲ್ಲ ದ್ರವದ ಮೇಲೆ ತೆಳ್ಳನೆ ಕೆನೆ ಕಟ್ಟುತ್ತಿತ್ತು. ಶಾಮಣ್ಣ ಹೊಸ್ತಿಲಾಚೆಯಿಂದ ಕತ್ತು ಚಾಚಿ ನೋಡಿದರು. ಯಂತ್ರ ಬಂದಂದಿನಿಂದ ಅವರು ಆ ಹೊಸ್ತಿಲು ದಾಟಿರಲಿಲ್ಲ.

“ಒಳಗೆ ಬನ್ನಿ,” ಎಂದಳು ಪಂಕಜಾ. “ಅಲ್ಲಿಂದ ಸರಿಯಾಗಿ ಕಾಣಲ್ಲ.”

ಶಾಮಣ್ಣ ಚಪ್ಪಲಿ ಬಿಟ್ಟು ಒಳಗೆ ಹೋದರು.